ಸಂಯುಕ್ತ, ಮಿಶ್ರಣ, ದ್ರಾವಣ: ಹುಡುಗ್ರು ಪದೇ ಪದೇ ಕೇಳೋ ಪ್ರಶ್ನೆಗಳು

ನಾ ಹುಬ್ಬಳ್ಳ್ಯಾಗ ಒಂಬತ್ತನೇತ್ತ, ಹತ್ತನೇತ್ತ ಹುಡುಗ್ರಿಗೆ ವಿಜ್ಞಾನ ಟ್ಯೂಷನ್ ಹೇಳತೇನಿ. ಪ್ರತಿ ವರ್ಷ ಈ ಪಾಠ ಬಂತಂದ್ರ ಅವ ಪ್ರಶ್ನೆ ಬರತಾವು, ಹುಡುಗ್ರು ಅಷ್ಟ ಅಲ್ಲ, ಅವರನ್ನ ಬಿಡಾಕ ಬರೋ ಅಪ್ಪ-ಅವ್ವನೂ ಕೇಳತಾರ, ಹಾನಗಲ್ ಕಡಿಂದ ತೋಟದವರೂ ಫೋನ್ ಮಾಡಿ ಕೇಳ್ಯಾರ. ಹಿಂಗಾಗಿ ಎಲ್ಲಾ ಒಂದ ಕಡೆ ಬರದು ಇಟ್ಟೇನಿ. ವ್ಯಾಖ್ಯೆ ಬಾಯಿಪಾಠ ಆಮ್ಯಾಲ ಮಾಡ್ರಿ, ಮೊದಲ ಕಣ್ಣಿಲೆ ನೋಡ್ರಿ, ಕೈಲೆ ಮಾಡ್ರಿ.

ಮೂರಕ್ಕೂ ಏನ ಫರಕ್ ಐತ್ರಿ ಸರ್, ಒಂದ ಮಾತಿನ್ಯಾಗ ಹೇಳ್ರಿ?

ಬೆರೆಯೂದು ಬ್ಯಾರೆ, ಕೂಡಿ ಹೊಸದಾಗೂದು ಬ್ಯಾರೆ, ಇಷ್ಟ ನೋಡ್ರಿ. ಗಿರಮಿಟ್ ತಗೋರಿ, ಚುರಮರಿ, ಉಳ್ಳಾಗಡ್ಡಿ, ಪುಠಾಣಿ ಪುಡಿ, ಹುಣಸಿ-ಬೆಲ್ಲದ ಗೊಜ್ಜು, ಕೊತಂಬ್ರಿ, ಎಲ್ಲಾ ಕಲಸಿದ ಮ್ಯಾಲೂ ಚುರಮರಿ ಚುರಮರಿನ ಇರತೈತಿ, ಉಳ್ಳಾಗಡ್ಡಿ ಉಳ್ಳಾಗಡ್ಡಿನ ಇರತೈತಿ, ಬೇಕಂದ್ರ ಕುಂತು ಆರಿಸಿ ತಗೀಬಹುದು. ಇದು ಮಿಶ್ರಣ. ಉಪ್ಪು ಕರಗಿಸಿದ ನೀರು, ಅದೂ ಮಿಶ್ರಣನ, ಆದ್ರ ಬೆರಕಿ ಎಷ್ಟು ಸಣ್ಣದಾಗಿ ಆಗೈತಿ ಅಂದ್ರ ಯಾವ ಹನಿ ತಗೊಂಡ್ರೂ ರುಚಿ ಒಂದ. ಅಂಥಾ ಮಿಶ್ರಣಕ್ಕ ದ್ರಾವಣ ಅಂತಾರ. ಸಂಯುಕ್ತ ಅಂದ್ರ ಎರಡು ಅಥವಾ ಹೆಚ್ಚು ಧಾತುಗಳ (ಧಾತು ಅಂದ್ರ ಒಂದ ಥರದ ಪರಮಾಣು ಇರೋ ಮೂಲವಸ್ತು) ಪರಮಾಣು ಒಂದಕ್ಕೊಂದು ಬಂಧ ಹಾಕ್ಕೊಂಡು, ತಮ್ಮ ಹಳೇ ಗುಣ ಬಿಟ್ಟು, ಪೂರಾ ಹೊಸಾ ವಸ್ತು ಆಗೂದು. ಉಪ್ಪನ್ನ ನೋಡ್ರಿ: ಸೋಡಿಯಂ ನೀರಿಗೆ ಬಿದ್ರ ಉರಿಯೋ ಲೋಹ, ಕ್ಲೋರಿನ್ ಹಳದಿ-ಹಸರು ಬಣ್ಣದ ವಿಷಗಾಳಿ, ಎರಡೂ ಕೂಡಿದ್ರ ನಾವು ದಿನಾ ಸಾರಿಗೆ ಹಾಕೋ ಉಪ್ಪು.

ಕಬ್ಬಿಣದ ಪುಡಿ-ಗಂಧಕದ ಪ್ರಯೋಗನ ಯಾಕ ಎಲ್ಲಾ ಪುಸ್ತಕದಾಗ ಬರತೈತಿ?

ಯಾಕಂದ್ರ ಮಿಶ್ರಣ ಸಂಯುಕ್ತ ಆಗೂದು ಅದರಾಗ ಕಣ್ಣ ಮುಂದನ ಕಾಣತೈತಿ. ನಾ ಸಾಲಿ ಕಲಿಯೋವಾಗ ಇದನ್ನ ಮಾಡಿ ತೋರಸಲಿಲ್ಲ, ಬೋರ್ಡ್ ಮ್ಯಾಲ ಚಿತ್ರ ತಗದು ಬಿಟ್ರು, ಆ ಬ್ಯಾಸರ ನನಗ ಇನ್ನೂ ಐತಿ. ಮೊದಲ ಸಲ ನೋಡಿದ್ದು ಡಿಗ್ರಿ ಲ್ಯಾಬಿನ್ಯಾಗ.

7 ಗ್ರಾಂ ಕಬ್ಬಿಣದ ಪುಡಿ, 4 ಗ್ರಾಂ ಗಂಧಕದ ಪುಡಿ. ಒಂದು ಬೂದಿ ಬಣ್ಣ, ಇನ್ನೊಂದು ಹಳದಿ, ಕಾಗದದ ಮ್ಯಾಲ ಕಲಸಿದ್ರ ಎರಡರ ನಡುವಿನ ಒಂದು ಮಬ್ಬು ಬಣ್ಣ ಬರತೈತಿ. ಕಾಗದದ ಕೆಳಗ ಚುಂಬಕ ಹಿಡದು ಮೆಲ್ಲಕ ಸರಿಸಿದ್ರ ಕಬ್ಬಿಣ ಕೂದಲ ನಿಂತಂಗ ಎದ್ದು ಚುಂಬಕದ ಹಿಂದಿಂದ ಬರತೈತಿ, ಹಳದಿ ಪುಡಿ ಹಿಂದ ಉಳೀತೈತಿ. ಅಂದ್ರ ಎರಡೂ ತಮ್ಮ ತಮ್ಮ ಗುಣ ಬಿಟ್ಟಿಲ್ಲ. ಈಗ ಅದ ಪುಡಿನ ಗಟ್ಟಿ ಗಾಜಿನ ನಳಿಗಿಗೆ ಹಾಕಿ ತಳಕ್ಕ ಬೆಂಕಿ ಕೊಡ್ರಿ. ಸ್ವಲ್ಪ ಹೊತ್ತಿಗೆ ತಳದಾಗ ಒಂದು ಕೆಂಪು ಚುಕ್ಕಿ ಹತ್ತತೈತಿ, ಆಗ ಬರ್ನರ್ ತಗದು ಬಿಟ್ರೂ ಆ ಕೆಂಪು ನಿಲ್ಲಂಗಿಲ್ಲ, ಕುಳ್ಳಿನ್ಯಾಗ ಕೆಂಡ ಹರದಂಗ ತಾನ ಮ್ಯಾಲಕ್ಕ ಹರಕೊಂತ ಹೋಗತೈತಿ, ಯಾಕಂದ್ರ ಬಂಧ ಆಗೋವಾಗ ಶಾಖ ಹೊರಗ ಬರತೈತಿ, ಮುಂದಿನ ಪುಡಿ ಹೊತ್ತಾಕ ಅದ ಸಾಕಾಗತೈತಿ. ತಣ್ಣಗಾದ ಮ್ಯಾಲ ಉಳಿಯೂದು ಒಂದು ಕರಿ ಗಟ್ಟಿ. ಹಳದಿ ಎಲ್ಲೂ ಕಾಣಂಗಿಲ್ಲ. ಪೂರಾ ಕೂಡಿತ್ತಂದ್ರ ಚುಂಬಕಕ್ಕೂ ಅಂಟಂಗಿಲ್ಲ. ಅದ ಕಬ್ಬಿಣದ ಸಲ್ಫೈಡ್, ಸಂಯುಕ್ತ.

ಇನ್ನೂ ಒಂದು ಪರೀಕ್ಷೆ ಐತಿ. ಕಲಸಿದ ಪುಡಿ ಮ್ಯಾಲ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದ್ರ ಹೈಡ್ರೋಜನ್ ಬರತೈತಿ, ಅದಕ್ಕ ವಾಸನಿ ಇಲ್ಲ. ಕರಿ ಗಟ್ಟಿ ಮ್ಯಾಲ ಹಾಕಿದ್ರ ಕೊಳತ ತತ್ತಿ ವಾಸನಿ ಹೊಡೀತೈತಿ, ಅದು ಹೈಡ್ರೋಜನ್ ಸಲ್ಫೈಡ್, ವಿಷ. ಅದಕ್ಕ ಈ ಪ್ರಯೋಗನ ಮನ್ಯಾಗ ಮಾಡಬ್ಯಾಡ್ರಿ, ಲ್ಯಾಬಿನ್ಯಾಗ ಟೀಚರ್ ಎದುರಿಗೆ, ಕಿಡಕಿ ತಗದು ಮಾಡ್ರಿ. ಆದ್ರ ಮಾಡ್ರಿ. ಸಾಲ್ಯಾಗ ಕೇಳ್ರಿ, "ಟೀಚರ್, ಇದನ್ನ ತೋರಸ್ರಿ" ಅನ್ರಿ.

7 ಮತ್ತ 4 ಅಂತ ಯಾಕ ಹೇಳಿದ್ರಿ? 5 ಮತ್ತ 5 ಹಾಕಿದ್ರ ಆಗಂಗಿಲ್ಲೇನು?

ಹಾಕ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ, ಆದ್ರ ಗಂಧಕ ಮಿಕ್ಕತೈತಿ. ಕಬ್ಬಿಣದ ಪರಮಾಣು ತೂಕ 56, ಗಂಧಕದ್ದು 32, ಒಂದಕ್ಕ ಒಂದು ಕೂಡೂದ್ರಿಂದ ತೂಕದ ಲೆಕ್ಕ 56ಕ್ಕ 32, ಅಂದ್ರ 7ಕ್ಕ 4. ಈ ಲೆಕ್ಕದಕಿಂತ ಜಾಸ್ತಿ ಹಾಕಿದ್ದು ಹಂಗ ಹೊರಗ ಉಳೀತೈತಿ. ನೀರೂ ಹಿಂಗನ, 9 ಗ್ರಾಂ ನೀರಿನ್ಯಾಗ 1 ಗ್ರಾಂ ಹೈಡ್ರೋಜನ್, 8 ಗ್ರಾಂ ಆಕ್ಸಿಜನ್, ಅದು ಮಲಪ್ರಭಾದ ನೀರಿರಲಿ, ತುಂಗಭದ್ರಾದ್ದಿರಲಿ, ಮಳಿ ನೀರಿರಲಿ, ಶುದ್ಧ ಮಾಡಿ ತೂಗಿದ್ರ ಇದ ಲೆಕ್ಕ. ಇದನ್ನ ಮೊದಲ ಗಟ್ಟಿಯಾಗಿ ಹೇಳಿದಾತ ಜೋಸೆಫ್ ಪ್ರೌಸ್ಟ್, ಫ್ರಾನ್ಸಿನವ, ಕೆಲಸ ಮಾಡಿದ್ದು ಸ್ಪೇನಿನ್ಯಾಗ, 1799ರ ಹೊತ್ತಿಗೆ. ತಾಮ್ರದ ಕಾರ್ಬೋನೇಟ್ ಭೂಮ್ಯಾಗ ಸಿಕ್ಕದ್ದಿರಲಿ, ಲ್ಯಾಬಿನ್ಯಾಗ ಮಾಡಿದ್ದಿರಲಿ, ತಾಮ್ರ, ಕಾರ್ಬನ್, ಆಕ್ಸಿಜನ್ ಪ್ರಮಾಣ ಒಂದ ಇರತೈತಿ ಅಂತ ತೂಗಿ ತೋರಿಸಿದ. ಅದ ಸ್ಥಿರಾನುಪಾತ ನಿಯಮ. ಆಗ ಬರ್ತೊಲೆ ಅನ್ನೋ ದೊಡ್ಡ ವಿಜ್ಞಾನಿ ಇದನ್ನ ಒಪ್ಪಲಿಲ್ಲ, ಪ್ರಮಾಣ ಬದಲಾಗತೈತಿ ಅಂತ ವರ್ಷಗಟ್ಟಲೆ ವಾದ ನಡೀತು. ಬರ್ತೊಲೆ ಉದಾಹರಣೆ ಕೊಟ್ಟದ್ರಾಗ ದ್ರಾವಣ, ಮಿಶ್ರಲೋಹ ಅಂಥಾವೂ ಇದ್ದು, ಅಂದ್ರ ಇವತ್ತು ನಮ್ಮ ಹುಡುಗ್ರು ಎಲ್ಲಿ ಗೊಂದಲ ಆಗತಾರೋ ಅಲ್ಲೇ ಅಷ್ಟು ದೊಡ್ಡವರೂ ಗೊಂದಲ ಆಗಿದ್ರು. ಹಿಂಗಾಗಿ ಈ ಪಾಠ ತಿಳೀಲಿಲ್ಲ ಅಂತ ಯಾವ ಹುಡುಗನೂ ತಲಿ ತಗ್ಗಿಸಬೇಕಾಗಿಲ್ಲ.

ಮಿಶ್ರಣಕ್ಕ ಈ ಕಟ್ಟುಪಾಡಿಲ್ಲ. ಚಾಕ್ಕ ಒಂದು ಚಮಚ ಸಕ್ರಿ ಹಾಕ್ರಿ, ಮೂರು ಹಾಕ್ರಿ, ಅದು ಚಾನ.

ಉಪ್ಪು ಕರಗಿದ ಮ್ಯಾಲ ಕಾಣಂಗಿಲ್ಲ, ಹೊಸಾ ವಸ್ತು ಆಗೈತಲ್ಲ, ಮತ್ತ ಉಪ್ಪನೀರು ಸಂಯುಕ್ತ ಯಾಕಲ್ಲ?

ಇದು ನನಗ ಅತೀ ಹೆಚ್ಚು ಬರೋ ಪ್ರಶ್ನೆ, ಹತ್ತರಾಗ ಆರು ಹುಡುಗ್ರು ಇಲ್ಲೇ ತಪ್ಪತಾರ. ಕಾಣಂಗಿಲ್ಲ ಅಂದ್ರ ಹೋತು ಅಂತ ಅಲ್ಲ. ನಾಲಿಗಿಗೆ ಉಪ್ಪು ಹತ್ತತೈತಲ್ಲ? ನೀರು ಇನ್ನೂ ಹಸಿ ಐತೆಲ್ಲ? ಎರಡೂ ತಮ್ಮ ಗುಣ ಬಿಟ್ಟಿಲ್ಲ. ಏಪ್ರಿಲ್ ಬಿಸಲಾಗ ಒಂದು ಸ್ಟೀಲ್ ತಾಟಿನ್ಯಾಗ ನಾಕು ಚಮಚ ಉಪ್ಪನೀರು ಹಾಕಿ ಮಾಳಗಿ ಮ್ಯಾಲ ಇಡ್ರಿ, ಸಂಜಿಗೆ ನೋಡ್ರಿ, ತಾಟಿನ ಅಂಚಿಗೆ ಬಿಳಿ ಗೆರಿ ಕುಂತಿರತೈತಿ, ನಡುವ ಸಣ್ಣ ಸಣ್ಣ ಚೌಕ ಹರಳು. ಭೂತಗನ್ನಡಿ ಹಿಡದು ನೋಡಿದ್ರ ಅವು ಖರೇನ ಚೌಕ ಇರತಾವು, ಉಪ್ಪಿನ ಹರಳಿನ ಆಕಾರನ ಅದು. ಗೋಕರ್ಣದ ಹತ್ರ ಸಾಣಿಕಟ್ಟಾದಾಗ ಸಮುದ್ರದ ನೀರು ಗದ್ದಿಗೆ ಬಿಟ್ಟು ಉಪ್ಪು ತಗೀತಾರಲ್ಲ, ಅದೂ ಇದ ಕೆಲಸ, ದೊಡ್ಡದಾಗಿ. ಬರೇ ಬಿಸಲಿಗೆ ನೀರು ಹಾರಿ ಹೋಗಿ ಉಪ್ಪು ಉಳೀತೈತಿ ಅಂದ್ರ ಅವೆರಡರ ನಡುವ ಹೊಸಾ ವಸ್ತು ಆಗಿಲ್ಲ ಅಂತ ಅರ್ಥ.

ಒಂದು ಮಾತು ಸರಿಯಾಗಿ ಹೇಳಬೇಕು, ಉಪ್ಪು ಕರಗಿದಾಗ ಸೋಡಿಯಂ ಅಯಾನು, ಕ್ಲೋರೈಡ್ ಅಯಾನು (ಅಯಾನು ಅಂದ್ರ ವಿದ್ಯುದಂಶ ಇರೋ ಕಣ) ಬ್ಯಾರೆ ಬ್ಯಾರೆ ಆಗಿ ನೀರಿನ ಅಣುಗಳ ನಡುವ ತಿರಗತಾವು, ಅದಕ್ಕ ಉಪ್ಪನೀರಿನ್ಯಾಗ ಕರೆಂಟ್ ಹರೀತೈತಿ. ಸಕ್ರಿ ಹಂಗ ಒಡಿಯಂಗಿಲ್ಲ, ಇಡೀ ಅಣುನ ನೀರಿನ್ಯಾಗ ಬೆರೀತೈತಿ, ಅದಕ್ಕ ಸಕ್ರಿ ನೀರು ಕರೆಂಟ್ ಬಿಡಂಗಿಲ್ಲ ಅನ್ನೂವಷ್ಟು ಕಡಿಮಿ. ಎರಡೂ ದ್ರಾವಣನ.

ಹಂಗಾದ್ರ ದ್ರಾವಣಕ್ಕೂ ಒಂದು ಲಿಮಿಟ್ ಐತೇನು? ಎಷ್ಟು ಬೇಕಾದಷ್ಟು ಕರಗತೈತೇನು?

ಕರಗೂದು ದ್ರಾವ್ಯ, ಕರಗಿಸಿಕೊಳ್ಳೂದು ದ್ರಾವಕ. 25 ಡಿಗ್ರಿ ಬಿಸಿ ಇರೋ 100 ಮಿಲಿ ನೀರಿನ್ಯಾಗ ಹತ್ರ ಹತ್ರ 36 ಗ್ರಾಂ ಉಪ್ಪು ಕರಗತೈತಿ, ಆಮ್ಯಾಲ ಹಾಕಿದ್ದು ತಳಕ್ಕ ಕೂಡತೈತಿ, ಅದು ಸಂತೃಪ್ತ ದ್ರಾವಣ. ಸಕ್ರಿ ಮಾತ್ರ ಅದ 100 ಮಿಲಿ ನೀರಿನ್ಯಾಗ ಸುಮಾರು 200 ಗ್ರಾಂ ಕರಗತೈತಿ, ನೀರು ಕುದಿಯೋ ಹೊತ್ತಿಗೆ ಅದರ ಎರಡು ಪಟ್ಟಿಗೂ ಹೆಚ್ಚು. ಜಿಲೇಬಿ ಪಾಕ ಆರಿದ ಮ್ಯಾಲ ಬೋಗಾಣಿ ಅಂಚಿಗೆ ಸಕ್ರಿ ಹರಳು ಕಟ್ಟೂದು ಇದಕ್ಕನ, ಬಿಸಿ ಇದ್ದಾಗ ಹಿಡದಿದ್ದನ್ನ ತಣ್ಣಗಾದ ಮ್ಯಾಲ ಹಿಡೀಲಾರದ ಹೊರಗ ಹಾಕತೈತಿ. ಉಪ್ಪಿಗೆ ಬಿಸಿದು ಅಷ್ಟು ಫರಕ್ ಬೀಳಂಗಿಲ್ಲ. ಗಾಳಿಗೆ ಉಲ್ಟಾ, ನೀರು ಬಿಸಿ ಆದಂಗ ಗಾಳಿ ಹೊರಗ ಬರತೈತಿ, ಬ್ಯಾಸಗ್ಯಾಗ ಬಿಸಿ ಸೋಡಾ ಬಾಟಲಿ ತಗದ್ರ ಬುಸ್ ಅಂತ ಉಕ್ಕೂದು ಅದಕ್ಕ.

ಹಾಲು ದ್ರಾವಣ ಏನ್ರಿ? ನೋಡಾಕ ಎಲ್ಲಾ ಕಡೆ ಒಂದ ಥರ ಐತಲ್ಲ?

ನೋಡಾಕ ಅಷ್ಟ. ಹಾಲಿನ್ಯಾಗ ಹೆಚ್ಚೂಕಡಿಮಿ 87 ಭಾಗ ನೀರು, ಅದರಾಗ ಕೊಬ್ಬಿನ ಸಣ್ಣ ಹನಿ, ಕೇಸಿನ್ ಅನ್ನೋ ಪ್ರೋಟೀನಿನ ಕಣ ತೇಲತಿರತಾವು. ಆ ಕಣ ಉಪ್ಪಿನ ಅಯಾನಿಗಿಂತ ಭಾಳ ದೊಡ್ಡವು, ಉಸುಕಿನ ಕಣಕ್ಕಿಂತ ಸಣ್ಣವು. ಇದಕ್ಕ ಕಲಿಲ ಅಂತಾರ. ಕಲಿಲ ಅನ್ನೋ ಈ ವರ್ಗಕ್ಕ ಹೆಸರು ಕೊಟ್ಟಾತ ಥಾಮಸ್ ಗ್ರಹಾಂ, 1861ರಾಗ. ಮನ್ಯಾಗ ಪರೀಕ್ಷೆ ಸುಲಭ: ರಾತ್ರಿ ಲೈಟ್ ಆರಿಸಿ, ಒಂದು ಗ್ಲಾಸಿನ್ಯಾಗ ಉಪ್ಪನೀರು, ಇನ್ನೊಂದರಾಗ ನೀರಿಗೆ ಎರಡು ಹನಿ ಹಾಲು ಹಾಕಿದ್ದು ಇಟ್ಟು, ಬಾಜೂದಿಂದ ಮೊಬೈಲ್ ಟಾರ್ಚ್ ಬಿಡ್ರಿ. ಉಪ್ಪನೀರಿನ್ಯಾಗ ಬೆಳಕಿನ ದಾರಿ ಕಾಣಂಗಿಲ್ಲ, ಹಾಲು ಬಿದ್ದ ನೀರಿನ್ಯಾಗ ಕೋಲಿನಂಗ ಕಾಣತೈತಿ. ಟಿಂಡಾಲ್ ಪರಿಣಾಮ ಅಂತಾರ, ಬೆಳಗ್ಗೆ ಜಂತಿ ಸಂದಿಂದ ಬಿಸಲು ಬಿದ್ದಾಗ ಧೂಳಿನ್ಯಾಗ ಕಾಣೂದೂ ಅದ. ಮಜ್ಜಿಗಿ ಕಡದ್ರ ಬೆಣ್ಣಿ ಬ್ಯಾರೆ ಆಗಿ ಮ್ಯಾಲ ಬರತೈತಲ್ಲ, ಖರೇ ದ್ರಾವಣ ಆಗಿದ್ರ ಕಡಿಯೂದ್ರಿಂದ ಏನೂ ಬರತಿದ್ದಿಲ್ಲ.

ಚಾದ ಬಗ್ಗೆನೂ ಕೇಳತಾರ. ಹಾಲಿಲ್ಲದ ಚಾ ಸೋಸಿದ ಮ್ಯಾಲ ಬಹುತೇಕ ದ್ರಾವಣ, ಹಾಲು ಬಿತ್ತಂದ್ರ ಕಲಿಲ.

ಮಳಿಗಾಲದಾಗ ಹೊಳಿ ನೀರು ಕೆಂಪಗ ಬರತೈತಿ, ತುರಟಿ (ಪಟಿಕ) ತಿರವಿದ್ರ ತಿಳಿ ಆಗತೈತಿ. ಹೆಂಗ?

ಕೆಂಪು ನೀರು ನಿಲಂಬನ, ಅಂದ್ರ ಮಣ್ಣಿನ ಕಣ ಕರಗಿಲ್ಲ, ತೇಲತಾವು. ದೊಡ್ಡ ಕಣ ರಾತ್ರಿ ಇಟ್ರ ತಳಕ್ಕ ಕೂಡತಾವು, ಆದ್ರ ನಮ್ಮ ಕಡೆ ಎರಿ ಮಣ್ಣಿನ ಜಿಗಟು ಕಣ ಭಾಳ ಸಣ್ಣವು, ಅವುಗಳ ಮ್ಯಾಲ ಋಣ ವಿದ್ಯುದಂಶ ಇರತೈತಿ, ಒಂದನ್ನೊಂದು ದೂಡತಾವು, ಹಿಂಗಾಗಿ ಕೂಡಂಗಿಲ್ಲ. ತುರಟಿಯಿಂದ ಬರೋ ಅಲ್ಯೂಮಿನಿಯಂ ಧನ ಅಂಶದ್ದು, ಅದು ಆ ದೂಡಾಟ ನಿಲ್ಲಸತೈತಿ, ಕಣ ಗುಂಪು ಗುಂಪಾಗಿ ಭಾರ ಆಗಿ ಇಳೀತಾವು. ರೇಣುಕಾಸಾಗರದಿಂದ ಹುಬ್ಬಳ್ಳಿ-ಧಾರವಾಡಕ್ಕ ಬರೋ ಮಲಪ್ರಭಾ ನೀರು ಅಮ್ಮಿನಭಾವಿ ಘಟಕದಾಗ ಶುದ್ಧ ಆಗೇ ಬರತೈತಿ, ನಮ್ಮ ಅಜ್ಜಿ ಕೊಡಕ್ಕ ತುರಟಿ ತಿರವತಿದ್ದದ್ದು ಅಂಥಾ ಘಟಕದಾಗಿನ ಮೊದಲ ಹೆಜ್ಜಿನ.

ಆದ್ರ ತಿಳಿ ಆತು ಅಂದ್ರ ಕುಡಿಯಾಕ ಛಲೋ ಆತು ಅಂತ ತಿಳೀಬ್ಯಾಡ್ರಿ, ಜಂತು-ರೋಗಾಣು ಇರತಾವು, ಕುದಿಸಿ ಕುಡೀರಿ.

ನಮ್ಮೂರು ಮುಂಡರಗಿ ಕಡೆ. ಬೋರ್ ನೀರು ಕನ್ನಡಿಯಂಗ ತಿಳಿ ಐತಿ, ಮತ್ತ ಕುಡೀಬ್ಯಾಡ್ರಿ ಅಂತಾರಲ್ಲ?

ಇದನ್ನ ನಾ ಕೈ ಮುಗದು ಹೇಳತೇನಿ, ಈ ಪಾಠದಾಗ ಜೀವಕ್ಕ ಹತ್ತೋ ಮಾತು ಇದೊಂದ. ಬೋರ್ ನೀರು ದ್ರಾವಣ. ದ್ರಾವಣದಾಗ ಕರಗಿದ್ದು ಕಣ್ಣಿಗೆ ಕಾಣಂಗಿಲ್ಲ. ಗದಗ ಜಿಲ್ಲಾದಾಗ ಮುಂಡರಗಿ ಕಡೆ ಭೂಮಿ ಒಳಗಿನ ಬಂಡಿಯಿಂದ ಫ್ಲೋರೈಡ್ ನೀರಿಗೆ ಕರಗಿ ಬರತೈತಿ. ಕುಡಿಯೋ ನೀರಿನ್ಯಾಗ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬ್ಯಾರೆ ನೀರ ಇಲ್ಲ ಅಂದ್ರ 1.5 ತನಕ ಅಂತ ನಮ್ಮ ದೇಶದ ಮಾನದಂಡ ಹೇಳತೈತಿ. ಅದಕ್ಕಿಂತ ಜಾಸ್ತಿ ಇದ್ದದ್ದನ್ನ ವರ್ಷಗಟ್ಟಲೆ ಕುಡಿದ್ರ ಹುಡುಗ್ರ ಹಲ್ಲ ಮ್ಯಾಲ ಕಂದು ಪಟ್ಟಿ, ಆಮ್ಯಾಲ ಎಲುವು-ಕೀಲು ಬಿಗಿಯೂದು.

ಅರಿವಿ ಹಾಕಿ ಸೋಸಿದ್ರ ಹೋಗಂಗಿಲ್ಲ, ಕರಗಿದ್ದು ಅರಿವಿಗೆ ಸಿಗಂಗಿಲ್ಲ. ಕುದಿಸಿದ್ರಂತೂ ಇನ್ನೂ ಕೆಟ್ಟ, ನೀರು ಆವಿಯಾಗಿ ಹೋಗಿ ಫ್ಲೋರೈಡ್ ಉಳದ ನೀರಿನ್ಯಾಗ ದಟ್ಟ ಆಗತೈತಿ. ಬರೇ ಟಿಡಿಎಸ್ ಮೀಟರ್ ನಂಬಬ್ಯಾಡ್ರಿ, ಅದು ಒಟ್ಟು ಎಷ್ಟು ಕರಗೈತಿ ಅನ್ನೂದನ್ನ ಕರೆಂಟ್ ಹರಿಯೂದ್ರ ಮ್ಯಾಲ ಅಂದಾಜು ಹೇಳತೈತಿ, ಏನು ಕರಗೈತಿ ಅಂತ ಹೇಳಂಗಿಲ್ಲ. ನೀರಿನ ಸ್ಯಾಂಪಲ್ ಲ್ಯಾಬಿಗೆ ಕೊಟ್ಟು ಫ್ಲೋರೈಡ್ ಅಂತನ ಹೇಳಿ ಪರೀಕ್ಷೆ ಮಾಡಸ್ರಿ. ತಗಿಯಾಕ ಆರ್‌ಓ ಐತಿ, ಸುಣ್ಣ ಮತ್ತ ತುರಟಿ ಲೆಕ್ಕದಾಗ ಹಾಕಿ ಇಳಿಸೋ ನಲಗೊಂಡ ಪದ್ಧತಿನೂ ಐತಿ, ಅದನ್ನ ತಿಳದವರ ಮಾಡಬೇಕು. ನಿಲಂಬನ, ದ್ರಾವಣ ಅನ್ನೋ ಎರಡು ಶಬ್ದದ ಫರಕ್ ಒಂದು ಮನಿಗೆ ತಿಳೀತಂದ್ರ ಆ ಮನಿ ಮಕ್ಕಳ ಹಲ್ಲು ಉಳೀತಾವು.

ಬ್ಯಾಡಗಿ ಮೆಣಸಿನಕಾಯಿ ಬಣ್ಣ ಎಣ್ಣ್ಯಾಗ ಬಿಡತೈತಿ, ನೀರಿನ್ಯಾಗ ಬಿಡಂಗಿಲ್ಲ, ಯಾಕ?

ಯಾವುದು ಯಾವುದರಾಗ ಕರಗತೈತಿ ಅನ್ನೂದು ಅಣುವಿನ ಸ್ವಭಾವದ ಮ್ಯಾಲ. ಬ್ಯಾಡಗಿ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್, ಉದ್ದನ್ನ ಕಾರ್ಬನ್ ಸರಪಳಿ ಇರೋ ಸಂಯುಕ್ತ, ನೀರಿಗೆ ಹೊಂದಂಗಿಲ್ಲ, ಎಣ್ಣಿಗೆ ಹೊಂದತೈತಿ. ಅದಕ್ಕ ಒಗ್ಗರಣಿ ಎಣ್ಣಿಗೆ ಖಾರದ ಪುಡಿ ಬಿದ್ದ ಕೂಡ್ಲೆ ಕೆಂಪು ಬಿಚ್ಚಿಕೊಳ್ಳತೈತಿ, ಸಾರಿನ ಮ್ಯಾಲ ಎಣ್ಣಿ ಕೆಂಪಗ ತೇಲತೈತಿ. ಕಾರ್ಖಾನ್ಯಾಗೂ ಇದನ್ನ ಮಾಡತಾರ, ನೀರಲ್ಲದ ದ್ರಾವಕದಾಗ ಬಣ್ಣ ಇಳಿಸಿ, ದ್ರಾವಕ ಹಾರಿಸಿ, ಒಲಿಯೋರೆಸಿನ್ ಅಂತ ದಪ್ಪ ಕೆಂಪು ರಸ ತಗೀತಾರ. ಖಾರ ಹತ್ತಿಸೋ ಕ್ಯಾಪ್ಸೈಸಿನ್ನೂ ಇಂಥಾದ್ದ, ಬಾಯಿ ಉರದಾಗ ನೀರು ಕುಡಿದ್ರ ಇಳಿಯಂಗಿಲ್ಲ, ಹಾಲು-ಮಸರು ಕುಡಿದ್ರ ಇಳೀತೈತಿ. ರೊಟ್ಟಿ ಕೂಡ ಬೆಣ್ಣಿ ಇಟ್ಟುಕೊಂಡು ಕೆಂಪಚಟ್ನಿ ತಿನ್ನೋ ರೂಢಿ ಕಟ್ಟಿದವರಿಗೆ ಈ ಮಾತು ನಾಲಿಗಿಲೆ ಗೊತ್ತಿತ್ತು.

ಬಂಗಾರ, ಹಿತ್ತಾಳಿ ಇವು ಯಾವುದ್ರಾಗ ಬರತಾವು?

ಶುದ್ಧ ಬಂಗಾರ ಧಾತು. ಅಂಗಡ್ಯಾಗಿನ 22 ಕ್ಯಾರೆಟ್ ಅಂದ್ರ 24ರಾಗ 22 ಭಾಗ ಬಂಗಾರ, ಅದಕ್ಕ 916 ಅಂತ ಮುದ್ರಿ, ಉಳದದ್ದು ತಾಮ್ರ, ಬೆಳ್ಳಿ. ಹಿತ್ತಾಳಿ ಅಂದ್ರ ತಾಮ್ರ-ಸತುವು. ಇವು ಗಟ್ಟಿ ದ್ರಾವಣ. ದ್ರಾವಣ ಅಂದ್ರ ನೀರು ಇರಲೇಬೇಕು ಅಂತ ಏನೂ ಇಲ್ಲ.

ಗಾಳಿ?

ಮಿಶ್ರಣ. ಒಣ ಗಾಳ್ಯಾಗ 78 ಭಾಗ ನೈಟ್ರೋಜನ್, 21 ಭಾಗ ಆಕ್ಸಿಜನ್, ಉಳದದ್ರಾಗ ಆರ್ಗಾನ್ ಹೆಚ್ಚು. ಗಾಳಿನ ತಣ್ಣಗ ಮಾಡಿ ದ್ರವ ಮಾಡಿದ್ರ ನೈಟ್ರೋಜನ್ ಮೈನಸ್ 196 ಡಿಗ್ರಿಗೆ, ಆಕ್ಸಿಜನ್ ಮೈನಸ್ 183ಕ್ಕ ಕುದೀತಾವು, ಆ ಫರಕಿನ ಮ್ಯಾಲ ಬ್ಯಾರೆ ಮಾಡತಾರ. ದವಾಖಾನಿ ಆಕ್ಸಿಜನ್ ಸಿಲಿಂಡರಿಗೆ ಹೋಗೂದೂ ಬಹುತೇಕ ಹಿಂಗ ತಗದದ್ದ.

ಆಕ್ಸಿಜನ್ ಅಣುವಿನ್ಯಾಗ ಎರಡು ಪರಮಾಣು ಕೂಡ್ಯಾವಲ್ಲ, ಹಂಗಾದ್ರ ಅದು ಸಂಯುಕ್ತ ಅಲ್ಲೇನು?

ಅಲ್ಲ. ಎರಡೂ ಒಂದ ಧಾತುವಿನವು. ಸಂಯುಕ್ತ ಆಗಬೇಕಂದ್ರ ಬ್ಯಾರೆ ಬ್ಯಾರೆ ಧಾತು ಕೂಡಬೇಕು. ಛಲೋ ಪ್ರಶ್ನೆ ಇದು, ಕೇಳಿದ ಹುಡುಗಿಗೆ ನಾ ಚಪ್ಪಾಳಿ ಹೊಡಸಿದ್ದೆ.

ಕಾಸಿದ್ರ ಬ್ಯಾರೆ ಆಗೂವಂಥಾದ್ದು ಎಲ್ಲಾ ಮಿಶ್ರಣ ಅಂತ ಬರೀಬಹುದೇನು?

ಬರೀಬ್ಯಾಡ್ರಿ, ಮಾರ್ಕ್ಸ್ ಹೋಗತಾವು. ಸುಣ್ಣದಕಲ್ಲು ಭಟ್ಟ್ಯಾಗ ಸುಮಾರು 900 ಡಿಗ್ರಿಗೆ ಕಾಸಿದ್ರ ಸುಟ್ಟ ಸುಣ್ಣ, ಕಾರ್ಬನ್ ಡೈಆಕ್ಸೈಡ್ ಅಂತ ಎರಡಾಗತೈತಿ, ಆದ್ರ ಸುಣ್ಣದಕಲ್ಲಿನ ಮುಖ್ಯ ವಸ್ತು ಕ್ಯಾಲ್ಸಿಯಂ ಕಾರ್ಬೋನೇಟ್ ಸಂಯುಕ್ತನ. ಅಲ್ಲಿ ಬಂಧ ಮುರದು ಹೊಸಾ ವಸ್ತು ಆದ್ವು. ಉಪ್ಪನೀರು ಕಾಸಿದಾಗ ಮೊದಲಿದ್ದ ಉಪ್ಪು, ಮೊದಲಿದ್ದ ನೀರನ್ನ ವಾಪಸ್ ಬಂದ್ವು. ಹಂಗಾಗಿ "ಭೌತ ವಿಧಾನದಿಂದ ಬೇರ್ಪಡಿಸಬಹುದು" ಅಂತ ಬರೀರಿ, ಬರೇ "ಬೇರ್ಪಡಿಸಬಹುದು" ಅಂತ ಅಲ್ಲ. ಆ ಎರಡು ಶಬ್ದ ಬಿಟ್ಟು ನಾನೂ ಒಮ್ಮೆ ಮಾರ್ಕ್ಸ್ ಕಳಕೊಂಡೇನಿ.

ಯೂರಿಯಾ, ಡಿಎಪಿ ಎಲ್ಲಾ ಒಂದ ಟ್ಯಾಂಕಿಗೆ ಹಾಕಿ ಡ್ರಿಪ್ಪಿಗೆ ಬಿಡಬಹುದೇನ್ರಿ?

ಯೂರಿಯಾ ಒಂದು ಸಂಯುಕ್ತ, ಅದರಾಗ ನೂರಕ್ಕ 46 ನೈಟ್ರೋಜನ್. ನೀರಿಗೆ ಹಾಕಿ ಬಕೆಟ್ಟಿನ ಹೊರಗ ಕೈ ಇಟ್ಟು ನೋಡ್ರಿ, ತಣ್ಣಗ ಆಗತೈತಿ, ಕರಗೋವಾಗ ಸುತ್ತಲಿನ ಶಾಖ ಎಳಕೊಳ್ಳತೈತಿ. ಇದು ಕರಗೂದು ಅಷ್ಟ, ಯೂರಿಯಾ ಯೂರಿಯಾನ ಇರತೈತಿ. ಆದ್ರ ಎಲ್ಲಾ ದ್ರಾವಣ ಒಂದರಾಗೊಂದು ಸುಮ್ಮನ ಬೆರಿಯಂಗಿಲ್ಲ, ಇದು ಹೊಲದಾಗ ರೊಕ್ಕದ ಮಾತು. ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿಗೆ ಡಿಎಪಿಯಂಥ ಫಾಸ್ಫೇಟ್ ಗೊಬ್ಬರದ ನೀರು ಹಾಕಿದ್ರ ತಿಳಿ ಇದ್ದದ್ದು ಬಿಳಿ ಆಗಿ ಒಡೀತೈತಿ. ಕ್ಯಾಲ್ಸಿಯಂ ಮತ್ತ ಫಾಸ್ಫೇಟ್ ಕೂಡಿ ನೀರಿನ್ಯಾಗ ಕರಗಲಾರದ ಹೊಸಾ ಸಂಯುಕ್ತ ಆಗತೈತಿ, ಅದು ಹೋಗಿ ಡ್ರಿಪ್ಪರಿನ ಬಾಯಿ ಕಟ್ಟತೈತಿ, ಗೊಬ್ಬರನೂ ಬೇರಿಗೆ ಹೋಗಂಗಿಲ್ಲ. ಟ್ಯಾಂಕಿಗೆ ಹಾಕೂಕಿಂತ ಮೊದಲ ಗಾಜಿನ ಬಾಟಲ್ಯಾಗ ಚೂರು ಚೂರು ಕಲಸಿ ಅರ್ಧ ತಾಸು ಇಟ್ಟು ನೋಡ್ರಿ, ಕದಡಿತಂದ್ರ ಬ್ಯಾರೆ ಬ್ಯಾರೆ ದಿನ ಬಿಡ್ರಿ.

ಬೋರ್ಡೋ ಮಿಶ್ರಣ ಅಂತ ಹೆಸರೈತಿ, ಅದು ಖರೇನ ಮಿಶ್ರಣ ಏನು?

ಅಡಿಕಿ ತೋಟದವರ ಪ್ರಶ್ನೆ, ಕೊಳೆ ರೋಗಕ್ಕ ಹೊಡಿಯೋ ಔಷಧ ಇದು. 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನ್ಯಾಗ, 1 ಕೆಜಿ ಸುಣ್ಣ ಇನ್ನೊಂದು 50 ಲೀಟರಿನ್ಯಾಗ, ಆಮ್ಯಾಲ ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕ್ಕೊಂತ ತಿರವೂದು, 100 ಲೀಟರಿಗೆ ಶೇಕಡಾ 1ರ ದ್ರಾವಣ ಅಂತಾರ ಎಲ್ಲಾರೂ. ಖರೇ ನೋಡಿದ್ರ ಅದು ದ್ರಾವಣ ಅಲ್ಲ. ನೀಲಿ ತುತ್ತದ ನೀರು ದ್ರಾವಣ ಹೌದು, ಆದ್ರ ಸುಣ್ಣಕ್ಕ ಬಿದ್ದ ಕೂಡ್ಲೆ ತಾಮ್ರ ಹೊಸಾ ಸಂಯುಕ್ತ ಆಗಿ ಆಕಾಶನೀಲಿ ಬಣ್ಣದ ಸಣ್ಣ ಕಣ ಆಗತೈತಿ, ಅವು ನೀರಿನ್ಯಾಗ ತೇಲತಾವು. ಅದಕ್ಕ ಹೊಡಿಯೋವಾಗ ತಿರವಕೊಂತ ಇರಬೇಕು, ಅದಕ್ಕನ ಮಳಿಗೆ ಸುಮ್ಮನ ತೊಳದು ಹೋಗಲಾರದ ಎಲಿ-ಗೊನಿಗೆ ಅಂಟಿಕೊಳ್ಳತೈತಿ. ಹೆಸರು ಮಿಶ್ರಣ, ಒಳಗ ಆದದ್ದು ರಾಸಾಯನಿಕ ಕ್ರಿಯೆ. ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿ ತೋಟಕ್ಕ ಇದನ್ನ ಹೊಂದಿಸಿ 1885ರಾಗ ತಿಳಿಸಿದಾತ ಮಿಲಾರ್ಡೆ.

ಸುಣ್ಣ ಕಡಿಮಿ ಬಿದ್ದೈತೋ ಇಲ್ಲೋ ನೋಡಾಕ ಹೊಳಿಯೋ ಕಬ್ಬಿಣದ ಚೂರಿ ಒಂದು ನಿಮಿಷ ಅದ್ದಿ ತಗೀರಿ. ಅಲಗಿನ ಮ್ಯಾಲ ಕೆಂಪು ತಾಮ್ರ ಕುಂತ್ರ ಇನ್ನೂ ಕರಗಿದ ತಾಮ್ರ ಉಳದೈತಿ ಅಂತ, ಎಲಿ ಸುಡತೈತಿ, ಸುಣ್ಣದ ನೀರು ಹಾಕ್ರಿ. ಕಬ್ಬಿಣದ ಬ್ಯಾರಲ್ ಬ್ಯಾಡ, ಪ್ಲಾಸ್ಟಿಕ್ ತಗೋರಿ, ಕಾರಣ ಚೂರಿನ ಹೇಳೇತಿ.

ಮನ್ಯಾಗ ಒಂದ ಸಲಕ್ಕ ಎಲ್ಲಾ ತೋರಸೋ ಪ್ರಯೋಗ ಐತೇನ್ರಿ?

ಐತಿ, ನನಗ ಅತೀ ಪ್ರೀತಿದ್ದು. ಎಲಿ-ಅಡಿಕಿ ಅಂಗಡಿಯಿಂದ ತಿನ್ನೋ ಸುಣ್ಣ ತರ್ರಿ, ಕಾಳಷ್ಟು ತಗೊಂಡು ಒಂದು ಲೋಟ ನೀರಿಗೆ ಹಾಕಿ ತಿರವ್ರಿ. ಬಿಳಿ ಬಿಳಿ, ನಿಲಂಬನ. ರಾತ್ರಿ ಮುಚ್ಚಿ ಇಡ್ರಿ, ಬೆಳಗ್ಗೆ ಮ್ಯಾಲಿನ ತಿಳಿ ಅಷ್ಟ ಬಗ್ಗಿಸಿಕೊಳ್ರಿ, ಅದು ಸುಣ್ಣದ ತಿಳಿನೀರು, ದ್ರಾವಣ. ಕಣ್ಣಿಗೆ, ಬಾಯಿಗೆ ಹೋಗಬಾರದು, ಸಣ್ಣ ಹುಡುಗ್ರು ದೊಡ್ಡವರ ಎದುರಿಗೆನ ಮಾಡಬೇಕು. ಒಂದು ಸ್ಟ್ರಾ ಇಟ್ಟು ಮೆಲ್ಲಕ ಊದ್ರಿ, ಹೀರಬ್ಯಾಡ್ರಿ. ಸ್ವಲ್ಪ ಹೊತ್ತಿಗೆ ತಿಳಿನೀರು ಹಾಲಾಗತೈತಿ, ನಿಮ್ಮ ಉಸರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದ ಕೂಡ ಸೇರಿ ಕ್ಯಾಲ್ಸಿಯಂ ಕಾರ್ಬೋನೇಟ್ ಆತು, ನೀರಿನ್ಯಾಗ ಕರಗಲಾರದ ಹೊಸಾ ಸಂಯುಕ್ತ.

ಇಲ್ಲಿಗೆ ಎಲ್ಲಾರೂ ನಿಲ್ಲಸತಾರ. ನಿಲ್ಲಸಬ್ಯಾಡ್ರಿ, ಊದಕೊಂತ ಹೋಗ್ರಿ, ದಮ್ಮು ಹತ್ತಿದ್ರ ಒಬ್ಬರ ಮ್ಯಾಲ ಒಬ್ಬರು ತಮ್ಮ ತಮ್ಮ ಸ್ಟ್ರಾ ಇಟ್ಟು ಊದ್ರಿ. ಭಾಳ ಹೊತ್ತು ಆದ ಮ್ಯಾಲ ಹಾಲು ಮತ್ತ ತಿಳಿ ಆಗಾಕ ಹತ್ತತೈತಿ. ಹೋದ ವರ್ಷ ಬೆಟಗೇರಿ ಹುಡುಗ ಒಬ್ಬ "ಸರ್, ಬಿಳಿ ಎಲ್ಲಿ ಹೋತು?" ಅಂತ ಲೋಟ ಎತ್ತಿ ಬೆಳಕಿಗೆ ಹಿಡದು ಹಿಡದು ನೋಡಿದ. ಎಲ್ಲೂ ಹೋಗಿಲ್ಲ, ಇನ್ನಷ್ಟು ಕಾರ್ಬನ್ ಡೈಆಕ್ಸೈಡ್ ಕೂಡಿ ಕ್ಯಾಲ್ಸಿಯಂ ಬೈಕಾರ್ಬೋನೇಟ್ ಆಗೈತಿ, ಅದು ಕರಗತೈತಿ. ಆ ತಿಳಿನೀರನ್ನ ಸಣ್ಣ ಪಾತ್ರ್ಯಾಗ ಹಾಕಿ ಕುದಸಿದ್ವಿ, ಬಿಳಿ ವಾಪಸ್ ಬಂತು. ಆತ ಪಾತ್ರಿ ತಳ ಉಗರಿಲೆ ಕೆರದು ನೋಡಿ ಅಂದ, "ಸರ್, ನಮ್ಮನಿ ಬಚ್ಚಲದಾಗ ಬೋರ್ ನೀರು ಕಾಸೋ ಹಂಡೇದಾಗೂ ಇದ ಕುಂತೈತ್ರಿ."

ಹೌದು, ಅದ ಇದು.